ಗುರುಗ್ರಹದ ಚಂದ್ರನ ಕಡೆ ಹೊರಟ ಕವಿತೆ: ಬರೆದ ಏಡಾ ಲಿಮೋನ್ ಯಾರು?

2024ರ ಅಕ್ಟೋಬರ್ 14ರಂದು ಅಮೆರಿಕದ ಫ್ಲಾರಿಡಾದಿಂದ ನಾಸಾದ ನೌಕೆಯೊಂದು ಮೇಲೆದ್ದಿತು. ಹೆಸರು ಯುರೋಪಾ ಕ್ಲಿಪ್ಪರ್. ಅದು ಗುರುಗ್ರಹ ತಲುಪುವುದು 2030ರ ಏಪ್ರಿಲ್‌ನಲ್ಲಿ. ಅಷ್ಟರೊಳಗೆ ಸುಮಾರು 290 ಕೋಟಿ ಕಿಲೋಮೀಟರ್ ಸಾಗಿರುತ್ತದೆ.

ಆ ನೌಕೆಯಲ್ಲಿ ಒಂದು ಲೋಹದ ತಗಡು ಇದೆ. ಸುಮಾರು 28 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ, ದಪ್ಪ ಒಂದೇ ಮಿಲಿಮೀಟರ್. ಹೆಚ್ಚುಕಡಿಮೆ ಮಕ್ಕಳ ಸ್ಲೇಟಿನಷ್ಟು. ಅದರ ಮೇಲೆ ಒಂದು ಕವಿತೆ ಕೊರೆದಿದ್ದಾರೆ. ಅದೂ ಕವಿಯ ಕೈಬರಹದಲ್ಲೇ. ನಮ್ಮ ಹಳೆಯ ತಾಮ್ರಪಟಗಳು ನೆನಪಾಗುತ್ತವೆ ಅಲ್ವಾ?

ಆ ಕೈಬರಹ ಏಡಾ ಲಿಮೋನ್ ಅವರದು. ಅಮೆರಿಕದ ಕವಿ, ಮೆಕ್ಸಿಕನ್ ಮೂಲದ ಕುಟುಂಬದವರು. ನೌಕೆಯ ಸುದ್ದಿ ಬಂದಾಗ ಅವರ ಹೆಸರು ಕೇಳಿದವರು ಬಹಳ. ಅವರ ಕವಿತೆ ಓದಿದವರು ನಮ್ಮಲ್ಲಿ ಕಡಿಮೆ. ಅವರು ಯಾರು, ಏನು ಬರೆದಿದ್ದಾರೆ, ಓದುವುದು ಹೇಗೆ ಎಂದು ಮೊದಲಿಂದ ನೋಡೋಣ.

ನೌಕೆಗೆ ಕವಿತೆ ಯಾಕೆ?

ಯುರೋಪಾ ಅನ್ನುವುದು ಗುರುಗ್ರಹದ ಒಂದು ಚಂದ್ರ. ಮೇಲೆಲ್ಲ ಹಿಮದ ಹೊದಿಕೆ. ಅದರ ಕೆಳಗೆ ದೊಡ್ಡ ಉಪ್ಪುನೀರಿನ ಸಮುದ್ರ ಇದೆ ಎನ್ನಲು ವಿಜ್ಞಾನಿಗಳಿಗೆ ಬಲವಾದ ಸುಳಿವುಗಳು ಸಿಕ್ಕಿವೆ. ಅಲ್ಲಿ ಜೀವ ಬದುಕಲು ಬೇಕಾದ ಪರಿಸ್ಥಿತಿ ಇದೆಯೇ ಎಂದು ನೋಡುವುದು ಈ ನೌಕೆಯ ಕೆಲಸ. ಅದು ಯುರೋಪಾ ಮೇಲೆ ಇಳಿಯುವುದಿಲ್ಲ. ಗುರುವನ್ನು ಸುತ್ತುತ್ತಾ 49 ಸಲ ಯುರೋಪಾದ ಹತ್ತಿರ ಹಾದುಹೋಗುತ್ತದೆ.

ಗುರುಗ್ರಹದ ಸುತ್ತ ವಿಕಿರಣದ ಕಾಟ ವಿಪರೀತ. ಎಲೆಕ್ಟ್ರಾನಿಕ್ ಭಾಗಗಳು ಹಾಗೇ ಬಿಟ್ಟರೆ ಕೆಟ್ಟುಹೋಗುತ್ತವೆ. ಅದಕ್ಕೇ ಅವನ್ನು ದಪ್ಪ ಗೋಡೆಯ ಒಂದು ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ, ಒಡವೆಯನ್ನು ತಿಜೋರಿಯಲ್ಲಿ ಇಟ್ಟ ಹಾಗೆ. ಆ ಪೆಟ್ಟಿಗೆಯಲ್ಲಿ ಒಂದು ಕಂಡಿ ಇದೆ. ಅದನ್ನು ಮುಚ್ಚುವುದೇ ನಮ್ಮ ಈ ತಗಡು. ಟ್ಯಾಂಟಲಮ್ ಎಂಬ ತೂಕದ ಲೋಹದ್ದು. ಅಂದರೆ ಇದು ಸುಮ್ನೆ ಅಂಟಿಸಿದ ಅಲಂಕಾರ ಅಲ್ಲ. ಕವಿತೆ ಹೊತ್ತ ತಗಡು ನೌಕೆಯನ್ನು ಕಾಯುವ ಕೆಲಸವನ್ನೂ ಮಾಡುತ್ತದೆ. ಈ ವಿಷಯ ನನಗೆ ತುಂಬಾ ಹಿಡಿಸಿತು.

ತಗಡಿನ ಹೊರಮೈ ಮೇಲೆ 103 ಭಾಷೆಗಳಲ್ಲಿ 'ನೀರು' ಎಂದು ಹೇಳಿದ ದನಿಯ ಅಲೆಗಳ ಚಿತ್ರವಿದೆ. ಒಳಮೈ ಮೇಲೆ ಕವಿತೆ ಇದೆ. ಜೊತೆಗೆ ಒಂದು ಪುಟ್ಟ ಚಿಪ್, ಅದರಲ್ಲಿ 26 ಲಕ್ಷಕ್ಕೂ ಜಾಸ್ತಿ ಜನರ ಹೆಸರು.

ಹೀಗೆ ಕಳಿಸುವುದು ಹೊಸ ಅಭ್ಯಾಸವೇನಲ್ಲ. 1977ರಲ್ಲಿ ಹೋದ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ರೆಕಾರ್ಡ್ ಇತ್ತು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡದ್ದೂ ಒಂದು.

ಪೊಯೆಟ್ ಲಾರಿಯೆಟ್ ಅಂದರೆ ಏನು?

ನಾಸಾ ಲಿಮೋನ್ ಅವರನ್ನೇ ಕೇಳಲು ಕಾರಣ ಅವರು ಆಗ ಅಮೆರಿಕದ 'ಪೊಯೆಟ್ ಲಾರಿಯೆಟ್' ಆಗಿದ್ದರು. ಹಳೆಯ ಗ್ರೀಸ್ ಮತ್ತು ರೋಮ್‌ನಲ್ಲಿ ಲಾರೆಲ್ ಎಂಬ ಗಿಡದ ಎಲೆಗಳ ಕಿರೀಟ ತೊಡಿಸಿ ಗೌರವಿಸುತ್ತಿದ್ದರು. ಆ ಎಲೆಯಿಂದ ಬಂದ ಮಾತು ಇದು.

ನಮಗೆ ತಕ್ಷಣ ನೆನಪಾಗುವುದು 'ರಾಷ್ಟ್ರಕವಿ' ಬಿರುದು. ಗೋವಿಂದ ಪೈ, ಕುವೆಂಪು, ಜಿ.ಎಸ್. ಶಿವರುದ್ರಪ್ಪ ಅವರಿಗೆ ಬಂದದ್ದು. ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ರಾಷ್ಟ್ರಕವಿ ಬಿರುದು ಜೀವನಪೂರ್ತಿ ಹೆಸರಿನ ಜೊತೆ ಇರುತ್ತದೆ. ಅಮೆರಿಕದ್ದು ಅವಧಿ ಇರುವ ಒಂದು ಹುದ್ದೆ. ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ದೇಶದ ದೊಡ್ಡ ಗ್ರಂಥಾಲಯದ ಮುಖ್ಯಸ್ಥರು ನೇಮಕ ಮಾಡುತ್ತಾರೆ. 1937ರಲ್ಲಿ 'ಕವಿತೆಯ ಸಲಹೆಗಾರ' ಎಂಬ ಹೆಸರಲ್ಲಿ ಶುರುವಾದ ಹುದ್ದೆ 1986ರಿಂದ ಈಗಿನ ಹೆಸರಿನಲ್ಲಿ ನಡೆಯುತ್ತಿದೆ. ಗೌರವಧನ 35,000 ಡಾಲರ್. ಅದು ತೆರಿಗೆ ಹಣದಿಂದ ಬರುವುದಿಲ್ಲ, ಬಹಳ ಹಿಂದೆ ದಾನಿಯೊಬ್ಬರು ಕೊಟ್ಟ ನಿಧಿಯಿಂದ ಬರುತ್ತದೆ.

ಸರ್ಕಾರಕ್ಕಾಗಿ ಕವಿತೆ ಬರೆಯಬೇಕು ಎಂಬ ಕಟ್ಟಳೆ ಇಲ್ಲ. ಜನರ ಹತ್ತಿರ ಕವಿತೆಯನ್ನು ಒಯ್ಯಬೇಕು, ಅದು ಹೇಗೆ ಎನ್ನುವುದು ಕವಿಗೆ ಬಿಟ್ಟದ್ದು. ಲಿಮೋನ್ 2022ರಲ್ಲಿ 24ನೆಯವರಾಗಿ ನೇಮಕಗೊಂಡರು. ಸಾಮಾನ್ಯವಾಗಿ ಒಂದು ವರ್ಷಕ್ಕೆ ಸಿಗುವ ಹುದ್ದೆ. ಅವರಿಗೆ ಎರಡನೆಯ ಸಲ ಎರಡು ವರ್ಷಕ್ಕೆ ಕೊಟ್ಟರು. 2025ರಲ್ಲಿ ಅವರ ನಂತರ ಆರ್ಥರ್ ಸ್ಜೆ ಬಂದರು. ಈ ಹುದ್ದೆಗೆ ಬಂದ ಮೊದಲ ಲ್ಯಾಟಿನಾ ಲಿಮೋನ್.

ಲ್ಯಾಟಿನಾ: ಒಂದು ಪದದ ಹಿಂದೆ ಎಷ್ಟು ಕತೆ

ಲ್ಯಾಟಿನ್ ಅಮೆರಿಕ ಎಂದರೆ ಮೆಕ್ಸಿಕೋದಿಂದ ಕೆಳಗೆ ಅರ್ಜೆಂಟೀನಾದವರೆಗೆ ಇರುವ ದೇಶಗಳು ಮತ್ತು ಕ್ಯೂಬಾದಂಥ ಕೆಲವು ದ್ವೀಪಗಳು. ಅಲ್ಲೆಲ್ಲ ಜಾಸ್ತಿ ಜನ ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಆಡುತ್ತಾರೆ. ಆ ಮೂಲದವರನ್ನು ಅಮೆರಿಕದಲ್ಲಿ ಲ್ಯಾಟಿನೊ ಎನ್ನುತ್ತಾರೆ. ಹೆಣ್ಣಾದರೆ ಲ್ಯಾಟಿನಾ. ಇದು ಚರ್ಮದ ಬಣ್ಣದ ಹೆಸರೂ ಅಲ್ಲ, ಒಂದು ಭಾಷೆಯ ಹೆಸರೂ ಅಲ್ಲ. ಮನೆತನದ ಬೇರು ಎಲ್ಲಿಯದು ಎಂದು ಹೇಳುವ ಮಾತು. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಇಂಥವರು 6.2 ಕೋಟಿ, ಅಂದರೆ ನೂರಕ್ಕೆ ಸುಮಾರು 19 ಮಂದಿ.

ಲಿಮೋನ್ ಅವರ ತಂದೆಯ ಕಡೆಯ ಅಜ್ಜ ಮೆಕ್ಸಿಕೋದಿಂದ ಬಂದವರು. ಅವರ ಮನೆತನದ ಹೆಸರಿಗೆ ಸ್ಪ್ಯಾನಿಷ್‌ನಲ್ಲಿ ನಿಂಬೆಹಣ್ಣು ಎಂದರ್ಥ. ಆದರೆ ಅವರು ಬರೆಯುವುದು ಇಂಗ್ಲಿಷಿನಲ್ಲಿ. ಇಲ್ಲೇ ಒಂದು ಇಕ್ಕಟ್ಟು ಶುರುವಾಗುತ್ತದೆ. ಕಾರ್ಯಕ್ರಮಕ್ಕೆ ಕರೆಯುವವರಿಗೆ ಕವಿ 'ಮೆಕ್ಸಿಕನ್ ಥರ' ಕಾಣಬೇಕು ಎಂಬ ಆಸೆ. ಈ ಬಗ್ಗೆ ಅವರದೇ ಒಂದು ಕವಿತೆ ಇದೆ. ಕರಾರು ಪತ್ರದಲ್ಲಿ ಮಾತುಕತೆ ಎರಡು ಭಾಷೆಗಳಲ್ಲಿ ಇರಲಿ ಎಂದು ಬರೆದಿರುತ್ತದೆ. ಮುಂದೆ ಬೇಡಿಕೆಗಳ ಸಾಲು: ಆ ಥರದ ಕವಿತೆ ತನ್ನಿ, ನಮಗೆ ಇರುಸುಮುರುಸು ಆಗುವ ಕತೆ ಹೇಳಿ, ಆದರೆ ತಪ್ಪಿನಲ್ಲಿ ನಮ್ಮದೂ ಪಾಲಿದೆ ಅನ್ನಿಸಬಾರದು. ಆದರೆ ಅಪ್ಪ ಮೇಷ್ಟ್ರಾಗಿದ್ದರು, ಇಂಗ್ಲಿಷ್ ಮಾತಾಡುತ್ತಿದ್ದರು, ಬೇಸ್‌ಬಾಲ್ ಅಂದರೆ ಇಷ್ಟ ಎನ್ನುವ ಸಾಧಾರಣ ಕತೆ ಮಾತ್ರ ಅವರಿಗೆ ಬೇಡ. ಯಾರದೋ ಕಲ್ಪನೆಗೆ ತಕ್ಕ ಹಾಗೆ ನಮ್ಮನ್ನು ಕತ್ತರಿಸಿಕೊಳ್ಳಬೇಕಾದಾಗ ಎಷ್ಟು ಕಸಿವಿಸಿ ಆಗುತ್ತದೆ ಎಂದು ಗೊತ್ತಾಗಲು ಈ ಒಂದು ಕವಿತೆ ಸಾಕು.

ಸೊನೊಮಾದಿಂದ ಕೆಂಟಕಿಗೆ

ಹುಟ್ಟಿದ್ದು 1976ರ ಮಾರ್ಚ್ 28ರಂದು, ಕ್ಯಾಲಿಫೋರ್ನಿಯಾದ ಸೊನೊಮಾದಲ್ಲಿ. ದ್ರಾಕ್ಷಿ ತೋಟಗಳ ಊರು. ತಾಯಿ ಸ್ಟೇಸಿಯಾ ಬ್ರೇಡಿ ಚಿತ್ರಕಲಾವಿದೆ. ಮಗಳ ಪುಸ್ತಕಗಳ ಹೊದಿಕೆಯ ಮೇಲೆ ಕಾಣುವುದು ಅಮ್ಮನ ಚಿತ್ರಗಳೇ.

ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲಿಮೋನ್ ಓದಿದ್ದು ನಾಟಕ. ಅವರು ಕವಿತೆ ಓದುವುದನ್ನು ಕೇಳಿದರೆ ಆ ತರಬೇತಿ ಗೊತ್ತಾಗುತ್ತದೆ. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು ಎನ್ನುವುದು ಕರಗತ. ಆಮೇಲೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕವಿತೆಯನ್ನೇ ಓದಿದರು. ಆ ಊರಿನಲ್ಲೇ ವರ್ಷಗಟ್ಟಲೆ ಪತ್ರಿಕಾ ಸಂಸ್ಥೆಗಳಲ್ಲಿ ಕೆಲಸ ಮಾಡಿದರು. ಹಗಲು ಸಂಬಳದ ಕೆಲಸ, ಉಳಿದ ಹೊತ್ತಿನಲ್ಲಿ ಕವಿತೆ. 2006ರಲ್ಲಿ ಮೊದಲೆರಡು ಸಂಕಲನ ಒಂದೇ ವರ್ಷ ಬಂದವು. ಮೊದಲ ಪುಸ್ತಕ 'ಲಕ್ಕಿ ರೆಕ್' ಅನ್ನು ಸ್ಪರ್ಧೆಯಲ್ಲಿ ಆರಿಸಿದವರು ಹಿರಿಯ ಕವಿ ಜೀನ್ ವ್ಯಾಲಂಟೈನ್. ಈ ಹೆಸರು ನೆನಪಿಡಿ, ಮುಂದೆ ಬರುತ್ತದೆ.

2010ರಲ್ಲಿ ಅವರ ಮಲತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ಸಾವಿನ ನಂತರ ಲಿಮೋನ್ ಕೆಲಸ ಬಿಟ್ಟರು, ಇರುವಷ್ಟು ದಿನ ಬರೆಯಬೇಕು ಎಂದು ನಿರ್ಧರಿಸಿದರು. ಗಂಡ ಕುದುರೆ ರೇಸಿನ ವ್ಯವಹಾರದಲ್ಲಿದ್ದ ಕಾರಣ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ಗೆ ಬಂದರು. ಅದು ಹುಲ್ಲುಗಾವಲುಗಳ, ಜಾತಿ ಕುದುರೆಗಳ ಸೀಮೆ. ಕಟ್ಟಡಗಳ ನಡುವೆ ಇದ್ದ ಕವಿತೆಗೆ ಒಮ್ಮೆಗೇ ಬೇಲಿ, ಹೊಲ, ಹಕ್ಕಿ, ಕುದುರೆ ಎಲ್ಲ ಬಂದು ಸೇರಿದವು.

ಆ ಬದಲಾವಣೆಯ ಪುಸ್ತಕ 2015ರ 'ಬ್ರೈಟ್ ಡೆಡ್ ಥಿಂಗ್ಸ್'. 2018ರ 'ದಿ ಕ್ಯಾರಿಯಿಂಗ್' ಅಮೆರಿಕದ ವಿಮರ್ಶಕರು ಕೊಡುವ ನ್ಯಾಷನಲ್ ಬುಕ್ ಕ್ರಿಟಿಕ್ಸ್ ಸರ್ಕಲ್ ಪ್ರಶಸ್ತಿ ಪಡೆಯಿತು. 2022ರಲ್ಲಿ 'ದಿ ಹರ್ಟಿಂಗ್ ಕೈಂಡ್' ಬಂತು. 2023ರಲ್ಲಿ ಪ್ರತಿಭಾವಂತರಿಗೆ ಅಮೆರಿಕದಲ್ಲಿ ಕೊಡುವ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು.

ಆ ಕವಿತೆಗಳಲ್ಲಿ ಏನಿದೆ?

ಮೂರು ಕವಿತೆಗಳ ಮೂಲಕ ನೋಡೋಣ. ಇವು ಗೊತ್ತಾದರೆ ಲಿಮೋನ್ ಗೊತ್ತಾದ ಹಾಗೆ.

ಮೊದಲನೆಯದು 'ದಿ ರೇನ್‌ಕೋಟ್'. ಲಿಮೋನ್ ಅವರಿಗೆ ಚಿಕ್ಕಂದಿನಿಂದ ಬೆನ್ನುಮೂಳೆ ಓರೆಯಾಗಿರುವ ತೊಂದರೆ ಇದೆ. ಕವಿತೆಯಲ್ಲಿ ವೈದ್ಯರು ಶಸ್ತ್ರಚಿಕಿತ್ಸೆ ಮತ್ತು ಬೆನ್ನಿಗೆ ಪಟ್ಟಿಯ ಮಾತಾಡುತ್ತಾರೆ. ಹೆತ್ತವರು ಬೇರೆ ದಾರಿ ಹುಡುಕುತ್ತಾರೆ. ಅಮ್ಮ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ದಾರಿಯುದ್ದಕ್ಕೂ ಮಗಳು ಹಾಡುತ್ತಾಳೆ. ಅಮ್ಮನಿಗೆ ತನ್ನ ಹಾಡು ಇಷ್ಟ ಎಂದು ಆ ಹುಡುಗಿಯ ನಂಬಿಕೆ. ಅಮ್ಮ ಏನೇನು ಬಿಟ್ಟು ಬಂದು ಈ ಗಾಡಿ ಓಡಿಸುತ್ತಿದ್ದಾಳೆ ಎಂದು ಅವಳು ಕೇಳಿದ್ದೇ ಇಲ್ಲ.

ಎಷ್ಟೋ ವರ್ಷ ಕಳೆದಿದೆ. ಈಗ ಮಗಳಿಗೇ ಅಮ್ಮನ ಆಗಿನ ವಯಸ್ಸು. ಬೆನ್ನು ತೋರಿಸಿಕೊಂಡು ಒಬ್ಬಳೇ ಕಾರಿನಲ್ಲಿ ಬರುತ್ತಿದ್ದಾಳೆ, ರೇಡಿಯೊ ಜೊತೆ ಹಾಡುತ್ತಾ. ಇದ್ದಕ್ಕಿದ್ದ ಹಾಗೆ ಜೋರು ಮಳೆ. ರಸ್ತೆಯಲ್ಲಿ ಒಬ್ಬ ತಾಯಿ ತನ್ನ ರೇನ್‌ಕೋಟ್ ಬಿಚ್ಚಿ ಪುಟ್ಟ ಮಗಳಿಗೆ ಕೊಡುವುದು ಕಾಣುತ್ತದೆ. ಅಷ್ಟೇ. ತಾನು ಬದುಕಿಡೀ ಅಮ್ಮನ ರೇನ್‌ಕೋಟಿನ ಕೆಳಗೇ ಇದ್ದೆ, ನೆನೆಯದೇ ಇದ್ದದ್ದು ಏನೋ ಪವಾಡ ಅಂದುಕೊಂಡಿದ್ದೆ ಎಂದು ಅವಳಿಗೆ ಆಗ ಹೊಳೆಯುತ್ತದೆ.

ನಮ್ಮಲ್ಲಾದರೆ ಅಮ್ಮನ ಸೆರಗು ಅನ್ನುತ್ತಿದ್ದೆವು. ತಲೆ ಮೇಲೆ ಹೊದಿಸಿದ ಆ ಸೆರಗಿನ ಕೆಳಗೆ ಮಳೆಯಲ್ಲಿ ಓಡಿದವರಿಗೆ ಈ ಕವಿತೆಗೆ ಟಿಪ್ಪಣಿ ಬೇಕಿಲ್ಲ.

ಇಲ್ಲಿ ಅವರ ಬರವಣಿಗೆಯ ಕ್ರಮ ಕಾಣುತ್ತದೆ. ದೊಡ್ಡ ಮಾತಿನಿಂದ ಶುರು ಮಾಡುವುದಿಲ್ಲ. ಕಾರು, ಹಾಡು, ಮಳೆ, ಕೋಟು. ಎಲ್ಲ ದಿನನಿತ್ಯದ ವಸ್ತು. ಕೊನೆಯಲ್ಲಿ ಒಂದು ತಿರುವು, ಅಲ್ಲಿಯವರೆಗೆ ಓದಿದ್ದೆಲ್ಲ ಬೇರೆಯಾಗಿ ಕಾಣಲು ಶುರುವಾಗುತ್ತದೆ.

ಎರಡನೆಯದು 'ಹೌ ಟು ಟ್ರಯಂಫ್ ಲೈಕ್ ಎ ಗರ್ಲ್'. ಕೆಂಟಕಿಯ ಹೆಣ್ಣು ಕುದುರೆಗಳ ಬಗ್ಗೆ. ಅವುಗಳ ಓಟ, ಕಿವಿ ನಿಮಿರಿಸುವ ಗತ್ತು ಎಲ್ಲ ಕವಿಗೆ ಇಷ್ಟ. ಅದಕ್ಕಿಂತ ಇಷ್ಟ ಅವು ಹೆಣ್ಣು ಎಂಬುದು. ತನ್ನ ಎದೆಯೊಳಗೂ ಹೆಣ್ಣು ಕುದುರೆಯ ಎಂಟು ಪೌಂಡಿನ, ಅಂದರೆ ಮೂರೂವರೆ ಕಿಲೋಗಿಂತ ಭಾರದ ಹೃದಯ ಬಡಿಯುತ್ತಿದೆ ಎಂದುಕೊಳ್ಳುತ್ತಾರೆ. ಬೇಕಾದರೆ ಅಂಗಿ ಎತ್ತಿ ನೋಡಿ ಎಂಬ ಧೈರ್ಯ ಅಲ್ಲಿದೆ. ಪ್ರಾಣಿಯನ್ನು ಉಪಮೆಗೆ ಬಳಸಿ ಬಿಟ್ಟುಬಿಡುವುದು ಸುಲಭ. ಲಿಮೋನ್ ಹಾಗೆ ಮಾಡುವುದಿಲ್ಲ, ಕುದುರೆ ಕೊನೆಯವರೆಗೂ ಕುದುರೆಯೇ.

ಮೂರನೆಯದು ಕಷ್ಟದ ಕವಿತೆ, 'ದಿ ವಲ್ಚರ್ ಆಂಡ್ ದಿ ಬಾಡಿ'. ವಲ್ಚರ್ ಅಂದರೆ ರಣಹದ್ದು. ಮಗುವಿಗಾಗಿ ಚಿಕಿತ್ಸೆಗೆ ಹೋಗುವ ದಾರಿಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಹುಟ್ಟಿನ ಆಸೆ ಹೊತ್ತು ಹೋಗುವ ರಸ್ತೆಯಲ್ಲಿ ಸಾವುಗಳು. ಸತ್ತದ್ದನ್ನು ತಿಂದು ನೆಲ ಹಸನು ಮಾಡುವ ಹದ್ದಿನ ಕೆಲಸವೂ ಒಂದು ಕೆಲಸವೇ, ತನ್ನ ದೇಹಕ್ಕೂ ಹಾಗೆ ಬೇರೇನೋ ಹೊರುವುದಿದೆಯೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. 'ದಿ ಕ್ಯಾರಿಯಿಂಗ್' ಎಂದರೆ ಹೊರುವುದು. ಮಗುವನ್ನು ಹೊರುವುದಾಗಲಿಲ್ಲ. ನೋವು, ನೆನಪು, ಪ್ರೀತಿ ಇವನ್ನೆಲ್ಲ ಹೊರುತ್ತಲೇ ಇದ್ದೇವಲ್ಲ ಎನ್ನುವುದು ಆ ಪುಸ್ತಕದ ಉದ್ದಕ್ಕೂ ಹರಿಯುವ ಯೋಚನೆ. ಮಕ್ಕಳಿಲ್ಲದ ಹೆಂಗಸರನ್ನು ನಮ್ಮ ಊರುಗಳಲ್ಲಿ ಹೇಗೆ ಮಾತಾಡಿಸುತ್ತಾರೆ ಎಂದು ಗೊತ್ತಿರುವವರಿಗೆ ಈ ಪುಸ್ತಕ ದೂರದ್ದು ಅನ್ನಿಸುವುದಿಲ್ಲ.

ಪ್ರಾಸ ಇಲ್ಲ, ಹಾಡಲು ಬರುವುದಿಲ್ಲ, ಹಾಗಾದರೆ ಕವಿತೆ ಹೇಗೆ?

ಇದು ನ್ಯಾಯವಾದ ಪ್ರಶ್ನೆ. ಗದ್ಯವನ್ನು ತುಂಡು ಮಾಡಿ ಬರೆದರೆ ಕವಿತೆಯೇ? ಕನ್ನಡದಲ್ಲಿ ನವ್ಯದ ಕಾಲದಿಂದಲೂ ಇದನ್ನು ಕೇಳುತ್ತಲೇ ಇದ್ದೇವೆ.

ಇದಕ್ಕೆ ಉತ್ತರ ಸಾಲು ಎಲ್ಲಿ ಮುರಿಯುತ್ತದೆ ಎನ್ನುವುದರಲ್ಲಿದೆ. ಗದ್ಯದಲ್ಲಿ ಸಾಲು ಮುಗಿಯುವುದು ಕಾಗದ ಮುಗಿದಲ್ಲಿ. ಕವಿತೆಯಲ್ಲಿ ಕವಿ ಬೇಕೆಂದಲ್ಲಿ. ಆ ಖಾಲಿ ಜಾಗ ಉಸಿರಿನ ಜಾಗ ಎಂದು ಲಿಮೋನ್ ಮತ್ತೆ ಮತ್ತೆ ಹೇಳಿದ್ದಾರೆ. ಯಕ್ಷಗಾನದ ಅರ್ಥಧಾರಿ ಸರಿಯಾದ ಕಡೆ ಮಾತು ತಡೆದಾಗ ಸಭೆಯೆಲ್ಲ ಉಸಿರು ಹಿಡಿಯುವುದಿಲ್ಲವೇ, ಅದೇ ಕೆಲಸ ಇಲ್ಲಿ ಖಾಲಿ ಜಾಗದ್ದು.

ನೌಕೆಯ ಕವಿತೆಯನ್ನೇ ತೆಗೆದುಕೊಳ್ಳಿ. ಅದರ ಹೆಸರು 'ಇನ್ ಪ್ರೈಸ್ ಆಫ್ ಮಿಸ್ಟರಿ'. ತಿಳಿಯದ ಗುಟ್ಟಿಗೆ ಒಂದು ಹೊಗಳಿಕೆ ಎನ್ನಬಹುದು. ಮೂರು ಮೂರು ಸಾಲಿನ ಏಳು ನುಡಿ, ಒಟ್ಟು 21 ಸಾಲು. ಮೊದಲ ನುಡಿ 'ನಾವು' ಎಂಬ ಪದಕ್ಕೆ ತಟ್ಟನೆ ನಿಲ್ಲುತ್ತದೆ. ಮುಂದೆ ಖಾಲಿ. ನಾವು ಏನು ಮಾಡುತ್ತೇವೆ ಎಂದು ತಿಳಿಯಲು ಆ ಖಾಲಿ ದಾಟಿ ಎರಡನೆಯ ನುಡಿಗೆ ಜಿಗಿಯಬೇಕು. ಅಲ್ಲಿ ಉತ್ತರ ಸಿಗುತ್ತದೆ: ನಕ್ಷತ್ರಗಳಿಗೆ ನಮ್ಮ ಆಸೆಗಳನ್ನು ಸಿಕ್ಕಿಸುತ್ತೇವೆ. ಭೂಮಿಯಿಂದ ನಕ್ಷತ್ರಕ್ಕೆ ಇರುವ ದೂರವನ್ನು ಆ ಖಾಲಿ ಜಾಗವೇ ಕಾಣಿಸಿಬಿಡುತ್ತದೆ.

ಪ್ರಾಸ ಇಲ್ಲವೇ ಇಲ್ಲ ಅನ್ನುವಂತೆಯೂ ಇಲ್ಲ. ಐದನೆಯ ನುಡಿ ಮುಗಿಯುವುದು ಇಂಗ್ಲಿಷಿನ 'ರೇನ್' ಪದಕ್ಕೆ, ಆರನೆಯದರ ಮೊದಲ ಸಾಲು ಮುಗಿಯುವುದು 'ವೇನ್' ಪದಕ್ಕೆ. ಒಂದು ಮಳೆ, ಇನ್ನೊಂದು ರಕ್ತನಾಳ. ಆಕಾಶದಿಂದ ಬೀಳುವ ನೀರು, ಮೈಯೊಳಗೆ ಹರಿಯುವ ನೀರು, ಎರಡಕ್ಕೂ ಒಂದೇ ಸದ್ದು. ಇಡೀ ಕವಿತೆ ಹೇಳಲು ಹೊರಟದ್ದೂ ಅದನ್ನೇ. ಪ್ರಾಸವನ್ನು ಬೇಕಾದ ಒಂದೇ ಕಡೆ ಎಷ್ಟು ಮೆಲ್ಲಗೆ ತಂದು ಕೂರಿಸಿದ್ದಾರೆ ನೋಡಿ.

ಕಾಡಿನ ಮೇಜಿನ ಮೇಲೆ

ಹುದ್ದೆಯಲ್ಲಿದ್ದಾಗ ಲಿಮೋನ್ ಕೈಗೊಂಡ ದೊಡ್ಡ ಕೆಲಸದ ಹೆಸರು 'ಯು ಆರ್ ಹಿಯರ್', ನೀವು ಇಲ್ಲಿದ್ದೀರಿ ಎಂದರ್ಥ. ಪಾರ್ಕುಗಳ ನಕ್ಷೆಯಲ್ಲಿ ಚುಕ್ಕೆಯ ಪಕ್ಕ ಬರೆದಿರುವ ಮಾತು ಅದು. ಇದರ ಒಂದು ಭಾಗ 2024ರಲ್ಲಿ ಬಂದ ಪುಸ್ತಕ, ಈ ಕಾಲದ ಕವಿಗಳು ಪ್ರಕೃತಿಯ ಬಗ್ಗೆ ಬರೆದ ಹೊಸ ಕವಿತೆಗಳದ್ದು. ಇನ್ನೊಂದು ಭಾಗ ಏಳು ರಾಷ್ಟ್ರೀಯ ಉದ್ಯಾನಗಳಲ್ಲಿ ಇದೆ. ಜನ ಬುತ್ತಿ ಬಿಚ್ಚಿ ಕೂರುವ ಮೇಜುಗಳ ಮೇಲೆ ಒಂದೊಂದು ಕವಿತೆ. ಕೇಪ್ ಕಾಡ್‌ನ ಕಡಲ ದಂಡೆಯಲ್ಲಿ ಮೇರಿ ಆಲಿವರ್ ಅವರದು. ಅರಿಜೋನಾದ ಕಳ್ಳಿಗಿಡಗಳ ನಡುವೆ, ಸವಾರೊ ಉದ್ಯಾನದಲ್ಲಿ, ಆ ನೆಲದ ಮೂಲನಿವಾಸಿ ಸಮುದಾಯದ ಕವಿ ಒಫೇಲಿಯಾ ಜೆಪೇಡಾ ಅವರದು. ಓಹಾಯೊ ರಾಜ್ಯದ ಕಯಾಹೋಗಾ ಕಣಿವೆಯಲ್ಲಿ ಜೀನ್ ವ್ಯಾಲಂಟೈನ್ ಅವರದು. ಹೌದು, ಲಿಮೋನ್ ಅವರ ಮೊದಲ ಪುಸ್ತಕ ಆರಿಸಿದ ಅದೇ ವ್ಯಾಲಂಟೈನ್.

ಏಳು ಮೇಜುಗಳಲ್ಲಿ ಒಂದರ ಮೇಲೂ ಲಿಮೋನ್ ಅವರ ಸ್ವಂತ ಕವಿತೆ ಇಲ್ಲ.

ಯುರೋಪಾಗೆ ಬರೆದದ್ದು

ನಾಸಾ ಕೇಳಿದ್ದು ಚಿಕ್ಕ ಕವಿತೆ. ನೀರಿನ ಮಾತು ಇರಬೇಕು, ಮಕ್ಕಳಿಗೂ ಅರ್ಥವಾಗಬೇಕು. ಕೇಳಲು ಸುಲಭ, ಬರೆಯಲು ಅಲ್ಲ. ಕರಡಿನ ಮೇಲೆ ಕರಡು ಬರೆದರೂ ಹಿಡಿಸಲಿಲ್ಲ. ನಾಸಾಗೆಂದು ಬರೆಯುವುದನ್ನು ಬಿಡು, ನಿನ್ನ ಕವಿತೆ ಬರಿ ಎಂದು ಗಂಡ ಹೇಳಿದ ಮೇಲೆ ದಾರಿ ತೆರೆಯಿತು ಎಂದು ಅವರೇ ನೆನೆದಿದ್ದಾರೆ.

ಆಗ ಬಂದದ್ದು ಮತ್ತೆ ನೆಲದ ಕಡೆ ನೋಡುವ ಕವಿತೆ. ರಾತ್ರಿಯ ಆಕಾಶದಲ್ಲಿ ಗ್ರಹಗಳತ್ತ ಬೆರಳು ತೋರಿಸುತ್ತಾ ಶುರುವಾಗುತ್ತದೆ, ಆಕಾಶವನ್ನು ಪುಸ್ತಕದಂತೆ ಓದುತ್ತೇವೆ ಎನ್ನುತ್ತದೆ. ಆಮೇಲೆ, ಗುಟ್ಟುಗಳು ಇಲ್ಲೂ ಇವೆಯಲ್ಲ ಎಂದು ತಿರುಗುತ್ತದೆ: ತಿಮಿಂಗಿಲದ ಹಾಡು, ಗಾಳಿಗೆ ತೂಗುವ ಕೊಂಬೆಯ ಮೇಲೆ ಹಕ್ಕಿಯ ಕರೆ. ನಮ್ಮನ್ನು ಒಂದು ಮಾಡುವುದು ಕತ್ತಲೆಯೋ ದೂರವೋ ಅಲ್ಲ, ನೀರು. ಕೊನೆಗೆ ಯುರೋಪಾವನ್ನೇ 'ಎರಡನೆಯ ಚಂದ್ರ' ಎಂದು ಕರೆದು, ನಾವೂ ನೀರಿನಿಂದಲೇ ಆದವರು, ಕತ್ತಲೆಯ ಆಚೆಗೆ ಕೂಗಿ ಕರೆಯುವ ಆಸೆಯಿಂದ ಆದವರು ಎನ್ನುತ್ತದೆ.

ಕವಿತೆ ಇರುವುದು ತಗಡಿನ ಒಳಮೈ ಮೇಲೆ ಎಂದೆನಲ್ಲ. ಅಲ್ಲಿ ಬೆಳಕಿಲ್ಲ, ಓದುವ ಕಣ್ಣೂ ಇಲ್ಲ. ಓದಬೇಕೆಂದರೆ ಇಲ್ಲೇ, ನಾಸಾದ ತಾಣದಲ್ಲಿ ಅದು ಎಲ್ಲರಿಗೂ ಸಿಗುತ್ತದೆ. ಲಿಮೋನ್ ಅವರ ದನಿಯಲ್ಲೇ ಕೇಳಬಹುದು. ಪೀಟರ್ ಸಿಸ್ ಚಿತ್ರ ಬರೆದ ಮಕ್ಕಳ ಪುಸ್ತಕವಾಗಿಯೂ ಬಂದಿದೆ.

ಕೆಲಸ ಮುಗಿದ ಮೇಲೆ ನೌಕೆಯನ್ನು ಏನು ಮಾಡಬೇಕು ಎಂದೂ ಯೋಚಿಸಿಟ್ಟಿದ್ದಾರೆ. ಅದು ಯುರೋಪಾ ಮೇಲೆ ಬೀಳಬಾರದು. ಅಲ್ಲಿನ ನೀರಿನಲ್ಲಿ ಜೀವ ಇದ್ದರೆ ಭೂಮಿಯ ಸೂಕ್ಷ್ಮಜೀವಿಗಳಿಂದ ಅದಕ್ಕೆ ತೊಂದರೆಯಾಗಬಹುದು. ಅದಕ್ಕೇ ಗುರುವಿನ ಇನ್ನೊಂದು ಚಂದ್ರ ಗ್ಯಾನಿಮೀಡ್‌ಗೆ ಅದನ್ನು ಬೀಳಿಸುವ ಯೋಜನೆ ಇದೆ. ಯುರೋಪಾವನ್ನು ಕೂಗಿ ಕರೆದ ಆ ಕೈಬರಹ ಕೊನೆಗೆ ಪಕ್ಕದ ಚಂದ್ರನ ಹಿಮದಲ್ಲಿ ಸೇರುತ್ತದೆ.